ಗಾಳ

ಡ್ರೈನ್ ನಟ್ಟು ಬಿಚ್ಚಿದರೂ ಎಣ್ಣೆ ಇಳಿಯಲಿಲ್ಲ. ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿಂಗಿನ ತಣ್ಣನೆ ಸಿಮೆಂಟಿಗೆ ಕೆನ್ನೆ ಒತ್ತಿ, ಬುಲೆಟ್ಟಿನ ಹೊಟ್ಟೆ ಕೆಳಗೆ ಕಣ್ಣಿಟ್ಟು ಲೋಕನಾಥ ಕಾದ. ಅದೇ ಕಟ್ಟಡದ ಮುಂಭಾಗದಲ್ಲಿದ್ದ ತನ್ನ ಹೋಟೆಲಿನಿಂದ ತಂದಿದ್ದ ನೆಗ್ಗಿದ ಇಡ್ಲಿ ಪಾತ್ರೆಯೂ ಬಾಯಿ ತೆರೆದುಕೊಂಡು ಕಾಯ್ತಿತ್ತು. ಸುಮಾರು ಹೊತ್ತಿನ ಮೇಲೆ ತೂತಿನ ಬಾಯಲ್ಲಿ ಏನೋ ಒಂದು ಕಾಣಿಸಿಕೊಂಡಿತು. ಪೂರ್ತಿ ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ಸೀದುಹೋದ ಬೆಣ್ಣೆಯ ಬಣ್ಣ. ಅದು ಕೆಳಗೂ ಬೀಳಲಿಲ್ಲ, ಒಳಗೂ ಹೋಗಲಿಲ್ಲ. ಕರೆಯದೇ ಬಂದ ನೆಂಟ ಹೊಸ್ತಿಲಲ್ಲಿ ನಿಂತ ಹಾಗೆ ಅಲ್ಲೇ ನಿಂತುಬಿಟ್ಟಿತು. ಬೆರಳಲ್ಲಿ ಕೆದಕಿದ. ಬೆರಳಿಗೆ ಹತ್ತಿತು, ಬೆರಳಿಂದ ಬಿಡಲಿಲ್ಲ. ಇವತ್ತು ಶನಿವಾರ. ನಾಳೆ ಬೆಳಿಗ್ಗೆ ಹಳೇ ಗಾಡಿಗಳ ಕ್ಲಬ್ಬಿನವರು ಪುಣೆಯ ಆ ತುದಿಯ ಮಗರಪಟ್ಟಾದಿಂದ ಹೊರಟು ಕೋಥರೂಡಿಗೆ ಬಂದು ಇವನ ಹೋಟೆಲಿನ ಮುಂದೆಯೇ ಗಾಡಿ ನಿಲ್ಲಿಸಿ ತಿಂಡಿ ತಿನ್ನೋರು. ಆ ಮೆರವಣಿಗೆಯ ತಲೆಯಲ್ಲಿ ಲೋಕನಾಥ, ಅವನ ಹಿಂದೆ ಅಪ್ಪಯ್ಯ, ಇಬ್ಬರ ಕೆಳಗೆ ಅಪ್ಪಯ್ಯ ಹರೆಯದಲ್ಲಿ ಕೊಂಡ ಈ ಬುಲೆಟ್ಟು. ಹಾಗಂತ ಕ್ಲಬ್ಬಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗೂ ಹೇಳಿ ಆಗಿದೆ. ಅಪ್ಪಯ್ಯನಿಗೂ ಹೇಳಿ ಆಗಿದೆ. ಅಪ್ಪಯ್ಯ 'ಆಯ್ತು' ಅಂದಿದ್ದರು. ದಸರಾ ಕಳೆದ ಮೇಲೆ ಅಪ್ಪಯ್ಯ ಮಗನ ಹತ್ತಿರ ಆಡುವ ಮಾತು ಹೆಚ್ಚುಕಮ್ಮಿ ಅದೊಂದೇ. ಊಟ ಆಯ್ತಾ? ಆಯ್ತು. ಮಾತ್ರೆ ತಗೊಂಡ್ರಾ? ಆಯ್ತು. ನನ್ನ ಮೇಲೆ ಸಿಟ್ಟಾ? ಆಯ್ತು.

ಸಿಟ್ಟು ಯಾಕೆ ಅಂತ ಲೋಕನಾಥನಿಗೆ ಗೊತ್ತಿಲ್ಲದೇ ಇಲ್ಲ. ದಸರಾ ಪೂಜೆ ಆದ ಮರುದಿನ ಅವನು ಅಪ್ಪಯ್ಯನನ್ನ ಗಲ್ಲಾದಿಂದ ಎಬ್ಬಿಸಿದ್ದ. ಎಬ್ಬಿಸಿದ್ದ ಅಂದ್ರೆ ಕೈ ಹಿಡಿದು ಎಳೆದಿದ್ದಲ್ಲ, 'ಇನ್ನು ನೀವು ಆರಾಮ ಮಾಡಿ ಅಪ್ಪಯ್ಯ' ಅಂದಿದ್ದ ಅಷ್ಟೇ. ಯಾರು ಫೋನಲ್ಲಿ ದುಡ್ಡು ಹಾಕಿದ್ರು, ಯಾರು ಹಾಕಿದ ಹಾಗೆ ಮಾಡಿ ಹೋದ್ರು ಅನ್ನೋದು ಮುದುಕರಿಗೆ ತಿಳೀತಿರಲಿಲ್ಲ. ಗಲ್ಲಾದ ಮೇಲಿನ ಡಬ್ಬಿ ದುಡ್ಡು ಬಂತು ಅಂತ ತಾನೇ ಮರಾಠಿಯಲ್ಲಿ ಕೂಗಿದಾಗಲೆಲ್ಲ ಅವರು ಬೆಚ್ಚಿಬಿದ್ದು 'ಯಾರು, ಯಾರು?' ಅಂತ ಹಿಂದೆ ತಿರುಗಿ ನೋಡೋರು. ಗಿರಾಕಿಗಳು ನಗೋರು. ಲೋಕನಾಥನಿಗೆ ನಾಚಿಕೆ ಆಗೋದು. ಅಪ್ಪಯ್ಯನ ಪರವಾಗಿ ಆಗ್ತಿದ್ದ ನಾಚಿಕೆಯೋ, ಅಪ್ಪಯ್ಯನಿಂದ ಆಗ್ತಿದ್ದ ನಾಚಿಕೆಯೋ, ಅಷ್ಟು ಸೂಕ್ಷ್ಮವಾಗಿ ಅವನು ಗಾಳಿಸಿ ನೋಡಿರಲಿಲ್ಲ. ಈಗ ಅಪ್ಪಯ್ಯ ಹೋಟೆಲಿನ ಕಟ್ಟಕಡೆಯ ಮೇಜಿನಲ್ಲಿ, ಕೈ ತೊಳೆಯೋ ತೊಟ್ಟಿಯ ಪಕ್ಕ ಕೂತು, ಕೈ ತೊಳೆಯಲು ಬಂದವರ ಬೆನ್ನು ನೋಡ್ತಾ ಇರುತ್ತಾರೆ. ಗಲ್ಲಾದಿಂದ ಎಬ್ಬಿಸಿದ ತಪ್ಪಿಗೆ ಗಾಡಿ ಮೇಲೆ ಕೂರಿಸೋದು ಪ್ರಾಯಶ್ಚಿತ್ತ ಅಂತ ಲೋಕನಾಥ ತನಗೆ ತಾನೇ ತೀರ್ಪು ಬರೆದುಕೊಂಡಿದ್ದ. ಅವನ ಹೆಂಡತಿ ಪ್ರಫುಲ್ಲಾ ಮಾತ್ರ ಹಲ್ಲುಜ್ಜುತ್ತಾ ಹೇಳಿದ್ದಳು, "ಮಾವ ನಿಮ್ಮ ಹತ್ರ ಮಾತಾಡುದಿಲ್ಲ. ಅದಕ್ಕೆ ಗಾಡಿ ರಿಪೇರಿ ಮಾಡಿದ್ರೆ ಗಾಡಿ ಮಾತಾಡ್ತದಾ?"

ಗಾಡಿಯೂ ಮಾತಾಡಲಿಲ್ಲ. ಚಳಿ ಶುರುವಾದಾಗಿಂದ ಅದರದ್ದೂ ಮೌನವ್ರತ. ಬೆಳಿಗ್ಗೆ ಕಿಕ್ ಒದ್ದರೆ ಕಲ್ಲನ್ನ ಒದ್ದ ಹಾಗೆ, ಮೊಣಕಾಲೇ ವಾಪಸು ಒದೆ ತಿಂತಿತ್ತು; ಮಧ್ಯಾಹ್ನ ಬಿಸಿಲೇರಿದ ಮೇಲೆ ಅದೇ ಕಿಕ್ಕು ಸಡಿಲ. ಸ್ಟಾರ್ಟ್ ಆದರೂ ಸೈಲೆನ್ಸರಿನಿಂದ ಹೊಗೆ, ಒಳಗಿಂದ ಹೊಟ್ಟೆ ಉಬ್ಬರಿಸಿದವನ ಸದ್ದು. ಎಣ್ಣೆ ಸರಿಯಿಲ್ಲ ಅಂತ ಗ್ರೂಪಿನವರೆಲ್ಲ ಒಂದೇ ಮಾತು. ಯಾವ ಎಣ್ಣೆ ಸರಿ ಅನ್ನೋದಕ್ಕೆ ಮಾತ್ರ ಬಾಯಿಗೊಂದು ಮಾತು. ಮಿನರಲ್ ಎಣ್ಣೆಯವರು ದ್ವೈತಿಗಳು: ಎಂಜಿನ್ ಬೇರೆ, ಎಣ್ಣೆ ಬೇರೆ, ಕೊಳೆ ಬೇರೆ, ತಳದಲ್ಲಿ ಕೂತ ಕೊಳೆ ಕೂತೇ ಇರಲಿ, ಅದರ ತಂಟೆಗೆ ಹೋಗಬಾರದು. ಸಿಂಥೆಟಿಕ್ ಎಣ್ಣೆಯವರು ಅದ್ವೈತಿಗಳು: ಕೊಳೆ ಅನ್ನೋದೇ ಮಾಯೆ, ಸಾಬೂನಿನ ಗುಣ ಇರೋ ಎಣ್ಣೆ ಹಾಕಿದ್ರೆ ಎಲ್ಲ ಕರಗಿ ಒಂದಾಗುತ್ತೆ. ನಡುವೆ ಸೆಮಿ ಸಿಂಥೆಟಿಕ್ಕಿನ ವಿಶಿಷ್ಟಾದ್ವೈತಿಗಳು, ಎರಡೂ ಕಡೆಯಿಂದ ಬೈಸಿಕೊಳ್ಳೋರು. ಅದ್ವೈತ ಪೀಠದ ಗುರು ಮಗರಪಟ್ಟಾದ ಅಭಿಲಾಷ, ಬೆಂಗಳೂರಿನ ಹುಡುಗ, ಕಂಪ್ಯೂಟರಿನ ಕೆಲಸ. "ಗುರೂ, ಹಳೇ ಗಾಡಿಗೆ ಹಳೇ ಎಣ್ಣೆ ಅನ್ನೋದೆಲ್ಲ ಸೆಂಟಿಮೆಂಟ್. ಫುಲ್ ಸಿಂಥೆಟಿಕ್ ಹಾಕಿ, ಒಳಗಿರೋ ಕೊಳೆ ತಾನೇ ಬಿಟ್ಕೊಳ್ಳುತ್ತೆ" ಅಂತ ಅವನು ಧ್ವನಿಸಂದೇಶ ಕಳಿಸಿದ್ದ. ಬಿಟ್ಟುಕೊಂಡ ಕೊಳೆ ಎಲ್ಲಿಗೆ ಹೋಗುತ್ತೆ, ಎಣ್ಣೆ ಹರಿಯೋ ಸಂದಿಯಲ್ಲೇ ಹೋಗಿ ಸಿಕ್ಕಿಕೊಳ್ಳಲ್ವಾ ಅಂತ ಇನ್ನೊಬ್ಬ. ಲೋಕನಾಥ ಗಲ್ಲಾದಲ್ಲಿ ಕೂತು ಓದಿದ, ಕಕ್ಕಸಿನಲ್ಲಿ ಕೂತು ಓದಿದ. ಎಣ್ಣೆ ಅಂದ್ರೆ ಕನ್ನಡದವರಿಗೆ ಕುಡಿಯೋದು ನೆನಪಾಗುತ್ತೆ, ಎಣ್ಣೆ ಹಚ್ಚೋದು ಅಂದ್ರೆ ಪೂಸಿ ಹೊಡೆಯೋದು. ಮರಾಠಿಯವರು ಎಣ್ಣೆಗೆ ತೇಲ ಅಂತಾರೆ, ಆ ಶಬ್ದ ಕೇಳಿದರೆ ಮುಳುಗೋನಿಗೂ ಒಂದು ಧೈರ್ಯ. ಇಷ್ಟೆಲ್ಲ ಎಣ್ಣೆ ಇರೋ ಪ್ರಪಂಚದಲ್ಲಿ ತನ್ನ ಗಾಡಿಗೊಂದು ಎಣ್ಣೆ ಸಿಗ್ತಿಲ್ಲವಲ್ಲ ಅಂತ ಅವನಿಗೆ ಅಳುವೇ ಬರೋದು. ಕೊನೆಗೆ ಎಲ್ಲದಕ್ಕಿಂತ ದುಬಾರಿಯ, ಹೊಳೆಯೋ ಡಬ್ಬಿಯ ಸಿಂಥೆಟಿಕ್ ತಂದ. ಅದೀಗ ತಲೆಯ ಹತ್ತಿರವೇ ಕೂತಿತ್ತು, ಸೀಲು ಒಡೆಯದೆ.

ಇಷ್ಟು ಹೊತ್ತಿಗೆ ಈ ನಟ್ಟು ಬಿಚ್ಚಬೇಕಾದವನು ದತ್ತು. ಮಾರ್ಕೆಟ್ ಯಾರ್ಡಿನ ಹತ್ತಿರ ಗ್ಯಾರೇಜು ಇಟ್ಟವನು, ಅಪ್ಪಯ್ಯನ ಕಾಲದಿಂದ ಈ ಗಾಡಿ ನೋಡಿಕೊಂಡವನು. ದಸರಾಕ್ಕೆ ಅವನೇ ಎಂಜಿನ್ ತೊಳೆದು ಹೊಸ ಎಣ್ಣೆ ತುಂಬಿಸಿ ಕೊಟ್ಟಿದ್ದ. "ಮಧ್ಯೆ ಕಮ್ಮಿಯಾದ್ರೆ ಇದನ್ನೇ ಹಾಕಿ ಶೇಠ್, ಬೇರೆ ಬೇಡ" ಅಂತ ಮರಾಠಿಯಲ್ಲಿ ನೂರು ಸಲ ಹೇಳಿದ್ದ. ಕಮ್ಮಿಯಂತೂ ಆಗೇ ಆಗುತ್ತೆ. ಬುಲೆಟ್ಟು ಸೋರೋದು ನಿಲ್ಲಿಸಿದ್ರೆ ಒಳಗೆ ಎಣ್ಣೆ ಮುಗೀತು ಅಂತ ಅರ್ಥ. ಹೋದ ವಾರ ಲೋಕನಾಥ ಎಣ್ಣೆ ತುಂಬೋ ಮುಚ್ಚಳ ತೆಗೆದಾಗ ಅದರ ಒಳಮೈಗೆ ಬೆಳ್ಳಗಿನ ಜಿಡ್ಡು ಹತ್ತಿತ್ತು. ಫೋಟೋ ತೆಗೆದು ಗ್ರೂಪಿಗೆ ಹಾಕಿದ. ಎಣ್ಣೆಗೆ ನೀರು ಸೇರಿದೆ ಅಂದ್ರು ಒಬ್ಬರು. ಡುಪ್ಲಿಕೇಟ್ ಎಣ್ಣೆ ಅಂದ್ರು ಇನ್ನೊಬ್ಬರು. ಲೋಕನಾಥನ ಬೆರಳು ಅವನನ್ನ ಕೇಳದೆಯೇ ಬರೆಯಿತು: ದತ್ತು ನೀರು ಬೆರೆಸಿದ ಕಳ್ಳ ಎಣ್ಣೆ ಹಾಕಿದ್ದಾನೆ, ಯಾರೂ ಅವನ ಹತ್ತಿರ ಹೋಗಬೇಡಿ. ದತ್ತುವೂ ಅದೇ ಗ್ರೂಪಿನಲ್ಲಿದ್ದಾನೆ ಅನ್ನೋದು ಕಳಿಸಿದ ಮೇಲೆ ನೆನಪಾಯ್ತು. ಅಳಿಸೋಣ ಅನ್ನುವಷ್ಟರಲ್ಲಿ ಉತ್ತರ ಬಂದಿತ್ತು. 'ಶೇಠ್, ತುಮಚಾ ಗಾಳ ತುಮ್ಹೀಚ ಕಾಢಾ.' ನಿಮ್ಮ ಗಾಳ ನೀವೇ ತೆಗೀರಿ. ಅಷ್ಟು ಬರೆದು ದತ್ತು ಗ್ರೂಪು ಬಿಟ್ಟುಹೋದ. ಮರಾಠಿಯಲ್ಲಿ ಗಾಳ ಅಂದ್ರೆ ತಳದಲ್ಲಿ ನಿಂತ ರಾಡಿ, ಅದು ಲೋಕನಾಥನಿಗೆ ಗೊತ್ತು. ಆದರೆ ಕುಂದಾಪುರದ ಕಡೆ ಹುಟ್ಟಿದವನಿಗೆ ಗಾಳ ಅಂದ್ರೆ ಮೊದಲು ಕಣ್ಣಿಗೆ ಬರೋದು ಮೀನಿನ ಬಾಯಿ. ಆವತ್ತಿಂದ ಆ ಶಬ್ದ ಅಂಗುಳಲ್ಲಿ ಚುಚ್ಚಿಕೊಂಡು ಕೂತಿತ್ತು. ಎಳೆದ್ರೆ ನೋವು, ಬಿಟ್ರೆ ಬಾಯಿ ಮುಚ್ಚೋಕಾಗಲ್ಲ. ದತ್ತುವಿಗೆ ಹತ್ತು ಸಲ ಫೋನು ಮಾಡಿದ. ಎತ್ತಲಿಲ್ಲ.

"ಏನ್ ಮಾಡ್ಲತ್ತೀರ್ರಿ ಸಾಹೇಬ್ರ, ಇಷ್ಟ್ ಮುಂಜಾನೆ?"

ಸೊಸೈಟಿಯ ವಾಚ್‌ಮನ್ ಈರಣ್ಣ, ಯಾದಗಿರಿ ಕಡೆಯವನು, ತಲೆಗೆ ಮಫ್ಲರ್ ಸುತ್ತಿಕೊಂಡು ಕೈಯಲ್ಲಿ ಚಹಾ ಹಿಡಿದು ನಿಂತಿದ್ದ. ಕೆಳಗೆ ಮಲಗಿದವನಿಗೆ ಅವನ ಚಪ್ಪಲಿ, ಲಾಠಿಯ ತುದಿ ಎರಡೇ ಕಾಣ್ತಿದ್ದವು.

"ಎಣ್ಣೆ ತೆಗೀತಾ ಇದ್ದೇನೆ ಮಾರಾಯ."

"ಎಣ್ಣಿ ತಗ್ಯಾದು ಮಂದಿ ಸಂಜಿಗಿ ಮಾಡ್ತಾರ್ರಿ" ಅಂತ ಈರಣ್ಣ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಮೂಗು ಮೇಲೆತ್ತಿ ಗಾಳಿ ಎಳೆದ. "ಅಲ್ರಿ, ನಿಮ್ಮ ಹೋಟ್ಲದಾಗ ಬಾಂಡ್ಲಿ ಇನ್ನಾ ಇಟ್ಟಿಲ್ಲ, ನಾ ಈಗ ನೋಡಿ ಬಂದೀನಿ. ಮತ್ತ ಇಲ್ಲಿ ಭಜಿ ವಾಸ್ನಿ ಹ್ಯಾಂಗ್ ಬರ್ಲತ್ತದ? ಪಾರ್ಕಿಂಗನ್ಯಾಗ ಭಜಿ ಕರೀಲತ್ತೀರೇನು?"

ಭಾಳ ದೊಡ್ಡ ಜೋಕು ಹೇಳಿದವನ ಹಾಗೆ ಅವನು ಗೇಟಿನ ಕಡೆ ಹೋದ. ಲೋಕನಾಥ ಹಾಗೇ ಮಲಗಿದ್ದ. ಬಜ್ಜಿ ವಾಸನೆ ಅವನಿಗೆ ವಾಸನೆಯೇ ಅಲ್ಲ. ಅದು ಅವನ ಅಂಗಿಯಲ್ಲಿ ಇದೆ, ದಿಂಬಿನಲ್ಲಿ ಇದೆ. ಶಾಲೆಯಲ್ಲಿ ಮರಾಠಿ ಹುಡುಗರು 'ಭಜ್ಯಾ' ಅಂತ ಹೆಸರಿಟ್ಟು ಕರೆದಾಗಲೂ ಅವರಿಗೆ ಹ್ಯಾಗೆ ಗೊತ್ತಾಯ್ತು ಅಂತ ಅವನಿಗೆ ಅರ್ಥ ಆಗಿರಲಿಲ್ಲ. ತನ್ನ ಮೂಗನ್ನ ತಾನೇ ನಂಬದವನ ಹಾಗೆ ಬೆರಳನ್ನ ಮೂಗಿಗೆ ಒತ್ತಿದ. ಪೆಟ್ರೋಲು, ಕಬ್ಬಿಣ. ಅದರ ಹಿಂದೆ, ನಿಧಾನಕ್ಕೆ, ನಾಚಿಕೊಂಡು, ಈರುಳ್ಳಿ. ಓಮ. ಕಡಲೆಹಿಟ್ಟು. ಇದು ಎಂಜಿನ್ ಎಣ್ಣೆಯೇ ಅಲ್ಲ. ಬುಲೆಟ್ಟಿನ ಹೊಟ್ಟೆಯಲ್ಲಿ ಇರೋದು ಬಜ್ಜಿ ಕರಿದ ಎಣ್ಣೆ.

ಆಗ ಅದು ನೆನಪಾಯ್ತು, ತಾನು ಮರೆತಿರಲೇ ಇಲ್ಲವೇನೋ ಅನ್ನೋ ಹಾಗೆ. ದೀಪಾವಳಿ ಮುಗಿದ ಮೇಲಿನ ಒಂದು ಭಾನುವಾರ. ಬಾಗಿಲಿನ ತನಕ ಗಿರಾಕಿ, ಪಾರ್ಸೆಲ್ ಒಯ್ಯೋರು ಫೋನು ಮುಖಕ್ಕೆ ಹಿಡಿದು ನಿಂತಿದ್ದಾರೆ, ಗಲ್ಲಾದ ಡಬ್ಬಿ ಅರಚ್ತಾ ಇದೆ. ಅದೆಲ್ಲದರ ನಡುವೆ ಅಪ್ಪಯ್ಯ ಕಂಬದ ಪಕ್ಕ ಬಂದು ನಿಂತು, ತಾವೇ ಹಾಕಿಸಿದ ಗಲ್ಲಾದ ಮುಂದೆ ಗಿರಾಕಿಯ ಹಾಗೆ ಸರದಿ ಕಾದು, ಕೇಳಿದ್ದರು: "ಗಾಡಿಗೆ ಎಣ್ಣೆ ಕಮ್ಮಿ ಆಗಿತ್ತು. ಯಾವ ಎಣ್ಣೆ ಹಾಕುದು?" ಗಾಡಿ ನೋಡಿಕೊಳ್ಳಿ ಅಪ್ಪಯ್ಯ, ನಿಮಗೂ ಹೊತ್ತು ಹೋಗುತ್ತೆ ಅಂತ ಲೋಕನಾಥನೇ ಕೆಲಸ ಹಚ್ಚಿದ್ದ. ಆದರೂ ಆಗ ಅವನಿಗೆ ರೇಗಿತು. ಎಲ್ಲರಿಗೂ ಕೇಳೋ ಹಾಗೆ, ಒಂದಿಬ್ಬರಾದರೂ ನಗಲಿ ಅನ್ನೋ ಹಾಗೆ ಹೇಳಿದ: "ಎಂತದೋ ಒಂದು ಹಾಕಿ ಅಪ್ಪಯ್ಯ! ಬಾಣಲೆ ಎಣ್ಣೆಯೇ ಹಾಕಿ ಬೇಕಾದ್ರೆ!" ನಕ್ಕರು. ಒಂದಿಬ್ಬರಲ್ಲ, ಸುಮಾರು ಜನ. ಅಪ್ಪಯ್ಯ "ಆಯ್ತು" ಅಂದರು.

ಆವತ್ತು ಆಯ್ತು ಅಂದವರು ಈಗ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಪಾರ್ಕಿಂಗಿಗೆ ಬಂದರು. ಅಪ್ಪಯ್ಯ ಬೆಳಗಿನ ವಾಕಿಂಗು ಮುಗಿಸಿ ಬರೋ ಹೊತ್ತು ಅದು. ಉಣ್ಣೆಯ ಟೊಪ್ಪಿ, ಪಂಚೆಯ ಮೇಲೆ ಸ್ವೆಟರು. ಗಾಡಿಯ ಮುಂದೆ ನಿಂತು, ಬಗ್ಗದೆ, ಇಡ್ಲಿ ಪಾತ್ರೆಯ ಒಳಗೆ ಇಣುಕಿದರು.

"ಎಂತ, ಇಳೀಲಿಲ್ವಾ?"

ಆ ಭಾನುವಾರದ ಮೇಲೆ ಮೊದಲನೇ ಸಲ ಪೂರ್ತಿ ಒಂದು ಪ್ರಶ್ನೆ. ಖುಷಿಪಡಬೇಕೋ ಬೇಡವೋ ತಿಳಿಯದೆ ಲೋಕನಾಥ ಎದ್ದು ಕೂತ. ತಲೆ ಫುಟ್‌ರೆಸ್ಟಿಗೆ ಬಡೀತು.

"ಅಪ್ಪಯ್ಯ, ಇದಕ್ಕೆ ಎಂತ ಹಾಕಿದ್ರಿ?"

"ಎಣ್ಣೆ."

"ಯಾವ ಎಣ್ಣೆ?"

"ಧಣಿ ಹೇಳಿದ ಎಣ್ಣೆ."

ಧಣಿ. ಅಡುಗೆಯವರು, ಟೇಬಲ್ ಒರೆಸೋರು ಎಲ್ಲ ಮೊದಲು ಅಪ್ಪಯ್ಯನನ್ನ ಕರೀತಿದ್ದ ಹೆಸರು. ದಸರಾದ ಮೇಲೆ ಲೋಕನಾಥನನ್ನ ಕರೆಯೋ ಹೆಸರು. ಅಪ್ಪಯ್ಯನ ಬಾಯಲ್ಲಿ ಅದನ್ನ ಕೇಳೋದು ಇದೇ ಮೊದಲು.

"ಅದು ಸಿಟ್ಟಲ್ಲಿ ಹೇಳಿದ್ದು ಅಪ್ಪಯ್ಯ! ಇಷ್ಟು ವರ್ಷ ಓಡಿಸಿದೋರು ನೀವು. ಬಾಣಲೆ ಎಣ್ಣೆ ಎಂಜಿನ್ನಿಗೆ ಹಾಕ್ಲಿಕ್ಕಾಗುದಿಲ್ಲ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ನಮ್ಮ ಹೋಟ್ಲಲ್ಲಿ ಗೊತ್ತಿದ್ದದ್ದು, ಗೊತ್ತಿಲ್ಲದ್ದು ಅಂತ ಉಂಟಾ? ಧಣಿ ಹೇಳಿದ್ದು ಮಾಡುದು, ಎದುರು ಮಾತಾಡುದಿಲ್ಲ. ನಾನೇ ಮಾಡಿದ ಕಾನೂನು ಅಲ್ದಾ?" ಅಂದರು ಅಪ್ಪಯ್ಯ, ತಿಂಡಿಯ ಆರ್ಡರ್ ಹೇಳಿದಷ್ಟು ಸಹಜವಾಗಿ. "ಗಾಳಿಸಿ ಹಾಕಿದ್ದೆ. ಒಂದು ಈರುಳ್ಳಿ ಚೂರು ಹೋಗಿರ್ಲಿಕ್ಕಿಲ್ಲ. ಕಮ್ಮಿ ಆದ ಹಾಗೆ ಎರಡು ಮೂರು ಸರ್ತಿ ಹಾಕಿದೆ."

ಲೋಕನಾಥನಿಗೆ ಕೂಗಬೇಕು ಅನ್ನಿಸ್ತು. ದತ್ತುವಿನ ಮರ್ಯಾದೆ, ನಾಳೆಯ ಮೆರವಣಿಗೆ, ಇಷ್ಟು ದಿನ ಓದಿದ ದ್ವೈತ, ಅದ್ವೈತ ಎಲ್ಲ ಒಟ್ಟಿಗೆ ನುಗ್ಗಿ ಬಂತು. "ನಾಳೆ ನೀವು ಕೂರ್ಬೇಕಿತ್ತು ಅಪ್ಪಯ್ಯ" ಅಂತ ಮಾತ್ರ ಹೊರಗೆ ಬಂತು.

"ಎಲ್ಲಿ?"

"ಗಾಡಿ ಮೇಲೆ. ನನ್ನ ಹಿಂದೆ."

"ಹಿಂದೆ ಕೂರ್ಲಿಕ್ಕೆ ಗಾಡಿ ಎಂತಕ್ಕೆ? ದಿನಾ ಅಲ್ಲೇ ಅಲ್ದಾ ಕೂರುದು, ಕೈ ತೊಳೆಯುವಲ್ಲಿ." ಅಪ್ಪಯ್ಯ ಹಾಲಿನ ಪ್ಯಾಕೆಟ್ ಸೀಟಿನ ಮೇಲಿಟ್ಟರು. ಕಷ್ಟಪಟ್ಟು ಬಗ್ಗಿ ತೂತಿನ ಬಾಯಿಂದ ಒಂದು ಚೂರು ಜಿಡ್ಡು ಕಿತ್ತು, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರು, ಬಾಣಲೆಯ ಮುಂದೆ ನಿಂತು ಹದ ನೋಡೋ ಹಾಗೆ. "ಬೆಳಿಗ್ಗೆ ಒದ್ರೆ ಗಟ್ಟಿ, ಮಧ್ಯಾಹ್ನ ಸಡಿಲ. ಅಲ್ದಾ?"

"ಹೌದು."

"ಪುಣೆ ಚಳಿಗೆ ಶೇಂಗಾ ಎಣ್ಣೆ ಹೆಪ್ಪುಗಟ್ಟುದಿಲ್ಲ."

ಲೋಕನಾಥ ಬೆರಳನ್ನ ಪ್ಯಾಂಟಿಗೆ ಒರೆಸಿದ. ಮತ್ತೆ ಒರೆಸಿದ. ಹೋಟೆಲಿನ ಬಾಗಿಲ ಮೇಲೆ ಮರಾಠಿಯಲ್ಲಿ ಒಂದು ಬೋರ್ಡು ಇದೆ, ಇಲ್ಲಿ ಎಲ್ಲ ಪದಾರ್ಥ ಶುದ್ಧ ಶೇಂಗಾ ಎಣ್ಣೆಯಲ್ಲಿ ಮಾಡಲಾಗುತ್ತದೆ ಅಂತ. ಊರು ಬಿಟ್ಟು ಬಂದ ಅಪ್ಪಯ್ಯ ತೆಂಗಿನೆಣ್ಣೆಯ ನಾಲಗೆಯನ್ನ ಶೇಂಗಾಕ್ಕೆ ಬಗ್ಗಿಸಿಕೊಂಡು ಬರೆಸಿದ ಬೋರ್ಡು. ಗಲ್ಲಾದಲ್ಲಿ ಕೂತ ಮೊದಲ ವಾರವೇ ಲೋಕನಾಥ ಎಣ್ಣೆ ಬದಲಾಯಿಸಿದ್ದ. ಈಗ ಬರೋದು ಪಾಮ್ ಎಣ್ಣೆ, ಚಳಿಗೆ ಬೆಣ್ಣೆಯ ಹಾಗೆ ಗಟ್ಟಿಯಾಗೋದು. ಎಲ್ಲರೂ ಹಾಕ್ತಾರೆ, ಯಾರಿಗೆ ಗೊತ್ತಾಗುತ್ತೆ, ರುಚಿಯಲ್ಲಿ ಎಂತ ಫರಕು ಉಂಟು. ಅಡುಗೆಯವ ಕುಶಲನಿಗೆ ಹೇಳಿದ್ದ: ಶೇಂಗಾದ ಹಳೇ ಡಬ್ಬಿಗೇ ಸುರಿದಿಡು, ಅಪ್ಪಯ್ಯನಿಗೆ ಹೇಳಬೇಡ. ಗಾಡಿಗೆ ಯಾವ ಎಣ್ಣೆ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡವನು ಅದನ್ನ ಮಾತ್ರ ಒಂದು ಚಹಾ ಕುಡಿಯೋ ಹೊತ್ತಿನಲ್ಲಿ ಆರಿಸಿಬಿಟ್ಟಿದ್ದ.

"ಜನರ ಹೊಟ್ಟೆಗೆ ಆಗ್ತದೆ ಅಂತಾದ್ರೆ ಗಾಡಿ ಹೊಟ್ಟೆಗೆ ಯಾಕಾಗ್ಬಾರ್ದು ಅಂತ ನಾನು ಕಂಡದ್ದು" ಅಂದರು ಅಪ್ಪಯ್ಯ. "ಆಗ್ಲಿಲ್ಲ ಕಾಣು. ಕಬ್ಬಿಣಕ್ಕೂ ಜೀರ್ಣ ಆಗ್ಲಿಲ್ಲ." ಬೆರಳನ್ನ ತಮ್ಮ ಪಂಚೆಗೆ ಒರೆಸಿಕೊಳ್ಳಲಿಲ್ಲ, ಲೋಕನಾಥ ತಂದ ದುಬಾರಿ ಎಣ್ಣೆಯ ಹೊಳೆಯೋ ಡಬ್ಬಿಗೆ ಒರೆಸಿದರು. ಹಾಲು ಎತ್ತಿಕೊಂಡರು. "ಬಿಸಿಲಿಗೆ ತಾ ಅದನ್ನ. ತಾನೇ ಇಳೀತದೆ. ಆಮೇಲೆ ಡೀಸೆಲ್ ಹಾಕಿ ತೊಳಿ. ದತ್ತುವನ್ನ ಕರಿ, ಅವ ಬಂದ್ರೆ." ಹೇಳಿ ಹೊರಟರು. ಲಿಫ್ಟಿನ ಕಡೆ ಹೋಗಲಿಲ್ಲ, ಹೋಟೆಲಿನ ಹಿಂಬಾಗಿಲ ಕಡೆ ಹೋದರು.

ಲೋಕನಾಥ ಒಬ್ಬನೇ ಗಾಡಿ ತಳ್ಳಿದ. ಕಾಂಪೌಂಡಿನ ಗೋಡೆಯ ಮೇಲಿಂದ ಒಂದು ತುಂಡು ಬಿಸಿಲು ಬಿದ್ದಿತ್ತು, ಅಷ್ಟರ ಒಳಗೆ ಎಂಜಿನ್ ಬರೋ ಹಾಗೆ ನಿಲ್ಲಿಸಿ, ಕೆಳಗೆ ಇಡ್ಲಿ ಪಾತ್ರೆ ಸರಿಸಿದ. ನಾಳೆಗೆ ಇದು ಆಗೋದಿಲ್ಲ. ಪೂರ್ತಿ ಬಿಚ್ಚಬೇಕು, ಎಣ್ಣೆ ಹರಿಯೋ ಒಂದೊಂದು ಸಂದಿ ತೊಳೆಯಬೇಕು. ಗ್ರೂಪಿಗೆ ಬರೆಯಬೇಕು: ದತ್ತುವಿನ ತಪ್ಪಿಲ್ಲ. ಯಾರ ತಪ್ಪು ಅಂತ ಕೇಳ್ತಾರೆ. ಅಪ್ಪಯ್ಯ ಬಾಣಲೆ ಎಣ್ಣೆ ಹಾಕಿದ್ರು ಅಂತ ಬರೆದ್ರೆ ನಗ್ತಾರೆ, ಪಾಪ, ವಯಸ್ಸಾಯ್ತು ಅಂತಾರೆ, ಕೈ ಮುಗಿದ ಚಿತ್ರ ಹಾಕ್ತಾ ಸಾಲಾಗಿ ಬರ್ತಾರೆ. ಮುದುಕರ ಮೇಲೆ ಹಾಕಿಬಿಟ್ಟರೆ ಎಷ್ಟು ಸಲೀಸು. ಆ ಯೋಚನೆ ತನಗೆ ಎಷ್ಟು ಸಲೀಸಾಗಿ ಬಂತು ಅಂತ ನೋಡಿ ಅವನಿಗೇ ಹೇಸಿಗೆ ಆಯ್ತು. ಹೇಸಿದ ಮೇಲೂ ಆ ಯೋಚನೆ ಹೋಗಲಿಲ್ಲ. ಫೋನು ತೆಗೆದ. ಜಿಡ್ಡು ಹತ್ತಿದ ಬೆರಳನ್ನ ಫೋನು ಗುರುತು ಹಿಡಿಯಲಿಲ್ಲ. ಒರೆಸಿ ಒತ್ತಿದ. ನೀನಲ್ಲ ಅಂತು. ಇನ್ನೊಂದು ಬೆರಳು ಒತ್ತಿದ. ನೀನಲ್ಲ.

"ಧಣಿ, ಹ್ವಾಯ್ ಧಣಿ!"

ಕುಶಲ ಓಡಿಬಂದ, ಸೊಂಟಕ್ಕೆ ಸುತ್ತಿದ ಟವೆಲ್ಲು ಬಿಚ್ಚಿಹೋಗ್ತಾ ಇತ್ತು. "ಅಪ್ಪಯ್ಯ ಅಡುಗೆಮನೆಗೆ ಬಂದು ಒಲೆ ಎದುರಿಗೆ ಸ್ಟೂಲ್ ಹಾಕಿ ಕೂತಿದ್ದಾರೆ. ಡಬ್ಬಿ ಮುಚ್ಚಳ ತೆಗೆದು ಮೂಸಿ ನೋಡಿದ್ರು. ನಾನು ಬಾಣಲೆ ಇಟ್ಟಾಯ್ತು. ಹೊರಗೆ ಗಿರಾಕಿ ಬಂದಿದ್ದಾರೆ. ಯಾವ ಎಣ್ಣೆ ಹಾಕುದು?"

ಲೋಕನಾಥ ಅವನ ಮುಖ ನೋಡಿದ. ಎದೆಯ ಮೇಲಿಂದ ಏನೋ ಇಳಿದ ಹಾಗೆ ಅನ್ನಿಸ್ತು. ಇದೊಂದನ್ನ ಹೇಳಿಬಿಡಬಹುದು. ಇಷ್ಟನ್ನಾದರೂ ವಾಪಸು ಕೊಡಬಹುದು.

"ಅಪ್ಪಯ್ಯನನ್ನ ಕೇಳು" ಅಂದ.

"ಕೇಳ್ದೆ ಧಣಿ." ಕುಶಲನ ಮುಖ ಸಣ್ಣದಾಯ್ತು. "'ನನ್ನನ್ನ ಎಂತ ಕೇಳುದು? ಧಣಿಯನ್ನ ಕೇಳು, ಅವ ಹೇಳಿದ್ದು ಹಾಕು' ಅಂದ್ರು. ಅಲ್ಲೇ ಕೂತಿದ್ದಾರೆ, ನೀವು ಎಂತ ಹೇಳ್ತೀರಿ ಕಾಂಬ ಅಂತ. ಬಾಣಲೆ ಕಾಯ್ತಾ ಉಂಟು, ಧಣಿ. ಯಾವ್ದು ಹಾಕ್ಲಿ?"

ಬಿಸಿಲಲ್ಲಿ ಬುಲೆಟ್ಟಿನ ಹೊಟ್ಟೆಯಿಂದ ಮೊದಲ ಮುದ್ದೆ ಕಳಚಿ ಇಡ್ಲಿ ಪಾತ್ರೆಗೆ ಥಪ್ ಅಂತ ಬಿತ್ತು. ಕುಶಲ ಅದನ್ನ ನೋಡಿದ, ಮೂಗು ಅರಳಿಸಿದ, ಏನೂ ಗೊತ್ತಾಗದವನ ಹಾಗೆ ಬೇರೆ ಕಡೆ ತಿರುಗಿದ. ಲೋಕನಾಥ ಹೇಳೋಕೆ ಬಾಯಿ ತೆರೆದ. ನಟ್ಟು ಬಿಚ್ಚಿದ ತೂತಿನ ಹಾಗೆ ಅದು ತೆರೆದೇ ಇತ್ತು, ಮಾತು ಇಳಿಯಲಿಲ್ಲ.